ತಗ್ಗು ಬಾಗಿಲಿನ ಮನೆ

ವರ್ಷಕ್ಕೆರಡು ಸಲ, ಹಿಮ ಕರಗಿದಾಗೊಮ್ಮೆ,
ಒಲೆ ಹಚ್ಚುವ ಕಾಲಕ್ಕೊಮ್ಮೆ,
ಓಲೊಮೌತ್ಸಿನ ಮೀನುಪೇಟೆಯ ಹಿಂದಿನ ಆ ಮಹಡಿಗೆ
ಚರ್ಮದ ಚೀಲ ಹೊತ್ತು ಹತ್ತುತ್ತಿದ್ದೆ.
ಎಪ್ಪತ್ತೆರಡು ಮೆಟ್ಟಿಲು. ಎಣಿಸಿದ್ದೇನೆ.
ಪಿಯಾನೊ ಶ್ರುತಿ ಮಾಡುವವನು ನಾನು, ಎಣಿಸದೆ ಇರಲಾರೆ.

ಎಂಬತ್ತೈದು ಮನೆ, ಕರಿಯವು, ಬಿಳಿಯವು;
ಇನ್ನೂರು ಚಿಲ್ಲರೆ ತಂತಿ.
ತಿರುಪಿ, ತಟ್ಟಿ, ಕಿವಿಗೊಟ್ಟು
ನೆರೆಹೊರೆ ಜಗಳವಾಡದಂತೆ ಕೂರಿಸುತ್ತ
ನಡುವಿನ ಒಂದು ಕರಿಮನೆಗೆ ಬರುತ್ತಲೇ
ಒಳಕೋಣೆಯಿಂದ ಕೆಮ್ಮು, ಆಮೇಲೆ ಮಾತು:
'ಮತೌಶ್, ಅದು ಇಳಿದೇ ಇರಲಿ.'

ಇಳಿದೇ ಇರಲಿ ಅಂದರೆ ಬಿಟ್ಟುಬಿಡುವುದಲ್ಲ.
ಚಳಿಗೆ ತಂತಿ ಇನ್ನೂ ಜಗ್ಗುತ್ತದೆ, ಸೆಕೆಗೆ ಸೆಟೆಯುತ್ತದೆ.
ಅದನ್ನು ಮೊದಲು ಸರಿಗೆ ತಂದು
ಮತ್ತೆ ಅಷ್ಟೇ, ಕೂದಲೆಳೆಯಷ್ಟೇ, ಕೆಡಿಸಬೇಕು.
ತಪ್ಪಿಗೂ ಒಂದು ಸರಿ ಇದೆ ಎಂದು
ಯಾವ ಗುರುವೂ ನನಗೆ ಕಲಿಸಿರಲಿಲ್ಲ.
ಅಪಮಾನವೆನಿಸುತ್ತಿತ್ತು, ಸುಳ್ಳೇಕೆ.
ಕೂಲಿಯ ಜೊತೆ ಅಕ್ಕ ಒಟೀಲಿಯಾ
ಪ್ಲಮ್ ಹಣ್ಣಿನ ಮುರಬ್ಬ ಕೊಡುತ್ತಿದ್ದಳು. ಸುಮ್ಮನಾಗುತ್ತಿದ್ದೆ.

ವಿಯೆನ್ನಾದವರು ಬರೆದರು:
ಶಿಂಡೆಲಾರ್ ಮಾಸ್ತರರ ನಿಶಾಗೀತಗಳಲ್ಲಿ
ಆ ಒಂದು ಸ್ವರದೆದುರು ಬೆರಳು ತಡೆದು ನಿಲ್ಲುತ್ತದಲ್ಲ,
ಅದು ಸತ್ತ ಪ್ರೇಯಸಿಯ ನೆನಪು.
ಪ್ರಾಗಿನವರು ಬರೆದರು: ನಾಡಿನ ನೋವು.
ಮಾಸ್ತರರು ಎರಡನ್ನೂ ಓದಿ
ಒಲೆ ಹೊತ್ತಿಸಲು ಇಟ್ಟುಕೊಂಡರು.

ನನಗೊಮ್ಮೆ ಹೇಳಿದ್ದರು, ಕೇಳದೆಯೇ,
ಕಾಲಿಗೆ ಬಿಸಿನೀರಿನ ಶೀಶೆ ಕಟ್ಟಿಕೊಂಡು ಕೂತ ದಿನ:
ಅಪ್ಪ ಬಿಯರ್ ಪೀಪಾಯಿಯ ಗಾಡಿ ಹೊಡೆಯುತ್ತಿದ್ದ.
ಪ್ರೆರೋವ್ ದಾರಿಯ ಹೆಂಡದಂಗಡಿಯಲ್ಲಿ
ಗಾಡಿ ಇಳಿಸುವ ಹೊತ್ತಿಗೆ ಹುಡುಗನಿಗೆ ಒಂದು ಪಿಯಾನೊ ಸಿಕ್ಕಿತು;
ಗಿರಾಕಿಗಳು ಚೆಲ್ಲಿದ್ದನ್ನೆಲ್ಲ ಕುಡಿದು
ಅದರ ಹೊಟ್ಟೆಯೂ ಊದಿತ್ತು.
ಆ ಕರಿಮನೆ ಅಲ್ಲಿ ಇಳಿದಿತ್ತು.
'ಅದು ಇಳಿದಿದೆ ಅಂತ ನನಗೆ ಯಾರು ಹೇಳಬೇಕು?
ಲೋಕ ಇರುವುದೇ ಹಾಗೆ ಅಂದುಕೊಂಡೆ.'

ಅಂದಿನಿಂದ ಕೇಳಿದರೆ ಗೊತ್ತಾಗುತ್ತಿತ್ತು:
ಅವರ ರಾಗಗಳೆಲ್ಲ ಎಲ್ಲೆಲ್ಲಿಂದಲೋ ಓಡಿಬಂದು
ಆ ಮನೆಯ ಎದುರು ನಿಧಾನವಾಗಿ
ತಗ್ಗು ಬಾಗಿಲಿಗೆ ತಲೆ ಬಗ್ಗಿಸಿ
ಒಳಹೊಕ್ಕು, ಬೆನ್ನು ನೆಟ್ಟಗೆ ಮಾಡುತ್ತಿದ್ದವು.
ಪ್ರೇಯಸಿಯೂ ಇಲ್ಲ, ನಾಡೂ ಇಲ್ಲ.
ಹಣೆ ಹೊಡೆಸಿಕೊಂಡವನ ಜಾಗ್ರತೆ, ಅಷ್ಟೆ.

ಫೆಬ್ರವರಿಯಲ್ಲಿ ತೀರಿಕೊಂಡರು.
ಏಪ್ರಿಲಿನಲ್ಲಿ ಪಿಯಾನೊ ಕೆಳಗಿಳಿಯಿತು,
ಎಪ್ಪತ್ತೆರಡು ಮೆಟ್ಟಿಲು, ಆರು ಜನ, ಹಗ್ಗ, ಬೈಗುಳ.
ಕೊಂಡವನು ಬಿಯರ್ ಭಟ್ಟಿಯ ಒಡೆಯ ಹಾಪ್ಟ್‌ಮನ್.
ಮಾಸ್ತರರು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು.

ಹೊಸ ಮನೆಯಲ್ಲಿ ಮೊದಲ ದಿನ
ಎಂಬತ್ನಾಲ್ಕನ್ನು ಸರಿಮಾಡಿ ಚೀಲ ಕಟ್ಟಿದೆ.
ಹನ್ನೊಂದರ ಹುಡುಗಿ ಹೆಡ್ವಿಗಾ
ಒಂದೇ ಬೆರಳಲ್ಲಿ ಅಲ್ಲಿಗೇ ಕುಟ್ಟಿ ಮೂಗು ಮುರಿದಳು:
'ಇದು ಹುಳಿಯಾಗಿದೆ.'
ಅವಳಪ್ಪ ನನ್ನ ಕಡೆ ನೋಡಿದ. ಕೂಲಿ ಅವನ ಕೈಯಲ್ಲೇ ಇತ್ತು.

ಏನು ಹೇಳಲಿ? ಹೇಳಲಿಲ್ಲ.
ಚೀಲ ಬಿಚ್ಚಿ, ಕೀಲಿ ಹಾಕಿ,
ಮುಂಗೈಯಲ್ಲಿ ಒಂದಿಷ್ಟು, ಇಷ್ಟೇ ಇಷ್ಟು.
ಮೂವತ್ತು ವರ್ಷ ಕಾಯ್ದದ್ದು
ಒಂದು ಉಸಿರಿನಲ್ಲಿ ಸರಿಹೋಯಿತು.
ಆ ರಾತ್ರಿ ಮುರಬ್ಬದ ಡಬ್ಬಿ ತೆರೆಯಲಾಗಲಿಲ್ಲ.

ಮೊನ್ನೆ ಮತ್ತೆ ಹೋಗಿದ್ದೆ, ಒಲೆ ಹಚ್ಚುವ ಕಾಲ.
ಹುಡುಗಿ ಬೆಳೆದಿದ್ದಾಳೆ, ಮಾಸ್ತರರದೇ ನುಡಿಸುತ್ತಿದ್ದಳು,
ಒರಟಾಗಿ, ಅವಸರವಾಗಿ, ಪೆಡಲ್ ತುಳಿದು.
ಬಾಗಿಲಲ್ಲೇ ನಿಂತೆ, ಟೋಪಿ ಕೈಯಲ್ಲಿ.
ಆ ಮನೆ ಹತ್ತಿರವಾಯಿತು.
ತೊಲೆ ಎತ್ತಿಸಿ ಆಗಿದೆ, ಎತ್ತರದ ಬಾಗಿಲು,
ಆನೆಯೂ ನಡೆದು ಹೋಗಬಹುದು.

ಆದರೂ ಬೆರಳು ನಿಧಾನಿಸಿತು,
ಕುತ್ತಿಗೆ ಒಂದಿಷ್ಟು ಬಾಗಿತು,
ಆಮೇಲೆ ಒಳಹೊಕ್ಕಳು.