ಬಾಗಿಲ ಮೇಲಿನ ಲೆಕ್ಕ

ನೆಗಡಿ ಹೋಗಿ ಹದಿನೈದು ದಿನ.
ಮರೆತೇ ಬಿಟ್ಟಿದ್ದೆವು. ಮಾರ್ಚ್ ತಿಂಗಳ ನಾರಿನ್ ಊರಲ್ಲಿ
ಯಾವ ಮಗುವಿನ ಮೂಗು ಸೋರುವುದಿಲ್ಲ?

ಸ್ನಾನದ ಬೋಗುಣಿಯಲ್ಲಿ ನಿಂತ ಜಿಬೆಕ್‌ಳ ಕಾಲ ತುಂಬ
ಸೂಜಿಮೊನೆಯಷ್ಟು ಕೆಂಪು, ನೂರಾರು.
ಚಿಗಟ ಕಚ್ಚಿದ್ದು, ಅಂದಳು ನನ್ನವಳು.
ಸೋಪು ಹಚ್ಚಿ ತಿಕ್ಕಿದಳು. ಹೋಗಲಿಲ್ಲ.
ಚಹದ ಗಾಜುಲೋಟ ಒತ್ತಿ ನೋಡಿದೆ:
ಗಾಜಿನಡಿಯಿಂದಲೂ ಕೆಂಪು
ಕೆಂಪಾಗಿಯೇ ನನ್ನನ್ನು ನೋಡಿತು.

ಮಾರನೆಯ ದಿನ ತೊಡೆಯಲ್ಲೊಂದು ನೀಲಿ,
ತೋಳಲ್ಲೆರಡು, ಬೆನ್ನಲ್ಲಿ ಅಂಗೈಯಗಲ.
ಬಿದ್ದೆಯಾ? ಇಲ್ಲ.
ಯಾರಾದರೂ ತಳ್ಳಿದರಾ? ಇಲ್ಲಪ್ಪ.

ಬುರುಲ್ಚಾ ಟೀಚರು ಅವಳ ತೋಳೆತ್ತಿ ನೋಡಿ
ಆಮೇಲೆ ನನ್ನ ಕೈಗಳನ್ನು ನೋಡಿದರು.
ಕುದುರೆಗೆ ಲಾಳ ಹೊಡೆಯುವವನು ನಾನು.
ಇಪ್ಪತ್ತೆರಡು ವರ್ಷದ ಸುತ್ತಿಗೆ ಈ ಬೆರಳುಗಳಲ್ಲಿದೆ.
ಎಲ್ಲಿಡಲಿ ಇವನ್ನು? ಜೇಬಿಗೆ ತುರುಕಿಕೊಂಡೆ.
ತುರುಕಿಕೊಂಡ ಮೇಲೆ ತಿಳಿಯಿತು
ತಪ್ಪು ಮಾಡಿದವರೂ ಹಾಗೇ ಮಾಡುತ್ತಾರೆಂದು.

ಒಂದೂವರೆ ಲಕ್ಷ ಪ್ಲೇಟ್‌ಲೆಟ್ ಇರಬೇಕಾದಲ್ಲಿ
ಎಂಟು ಸಾವಿರ.
ಡಾಕ್ಟರ್ ಕಾಲಿಪಾ ಎರಡನೇ ಸಲ ರಕ್ತ ತೆಗೆಸಿದರು. ಎಂಟೇ.
ಇದು ಅದಲ್ಲ, ಅಂದರು,
ನಾನು ಬಾಯಿಬಿಟ್ಟು ಕೇಳದ ರೋಗದ ಹೆಸರಿಗೆ.

ನೀವು ಕುರಿ ಕಾದ ಮನೆಯವರಲ್ಲವೇ?
ತೋಳ ಬಂದ ರಾತ್ರಿ ನಾಯಿ ಅಟ್ಟಿತು ಅನ್ನಿ.
ಅಟ್ಟಿ ಬಂದದ್ದು ಮಲಗಲಿಲ್ಲ.
ತೋಳ ಮೈಯುಜ್ಜಿ ಹೋದ ಮರಿಗಳಲ್ಲಿ
ಅದಕ್ಕಿನ್ನೂ ತೋಳದ್ದೇ ವಾಸನೆ.
ನೆತ್ತರು ಕಟ್ಟುವ ಕಣಗಳು ಆ ಮರಿಗಳು.

ಬೇಲಿಯೇ ಎದ್ದು ಹೊಲ ಮೇಯ್ದ ಕಥೆಯಲ್ಲ ಇದು.
ಬೇಲಿಗೆ ಹಸಿವಿತ್ತು.

ನನ್ನಪ್ಪನ ಅಕ್ತೋಶ್ ಹೀಗೇ ಮಾಡಿತ್ತು,
ನನಗಾಗ ಒಂಬತ್ತು.
ಅಪ್ಪ ಕೋವಿ ಹಿಡಿದು ಕೊಟ್ಟಿಗೆಯ ಹಿಂದೆ ಕರೆದ.
ಕರೆದನೆಂದು ಅದು ಬಾಲ ಆಡಿಸುತ್ತ ಹೋಯಿತು.

ಹಾಗಾದರೆ ಇದನ್ನೂ, ಎಂದೆ.
ಇಲ್ಲ, ಅಂದರು ಡಾಕ್ಟರ್. ಹೊಡೆಯುವುದಿಲ್ಲ.
ಬೇಕಾದರೆ ನಾಲ್ಕು ದಿನ ಔಷಧಿಯ ಸರಪಳಿ.
ಬಹಳ ಮಕ್ಕಳಲ್ಲಿ ತಾನೇ ಸುಮ್ಮನಾಗುತ್ತದೆ. ಕಾಯಿರಿ.

ಕುದುರೆ ಬೇಡ, ಅಂದರು.
ಏಳು ವರ್ಷದ ಕಿರ್ಗಿಜ್ ಹುಡುಗಿಗೆ ಕುದುರೆ ಬೇಡವೆಂದರೆ
ನೆಲ ಬೇಡವೆಂದ ಹಾಗೆ.
ನಮ್ಮ ತೋರುಗೂ ಅರ್ಥವಾಗಲಿಲ್ಲ. ಬೇಲಿಯ ಬಳಿ ನಿಂತು
ನನ್ನ ಹೆಗಲ ಮೇಲಿಂದ ಮನೆಯೊಳಗೆ ನೋಡುತ್ತಿತ್ತು.
ಮೇಜಿನ ಮೂಲೆಗಳಿಗೆ ಕಂಬಳಿ ತುಂಡು ಹೊಡೆದೆ.
ನನ್ನವಳು ಬೆರಳಿಗೆ ಹತ್ತಿಬಟ್ಟೆ ಸುತ್ತಿ ಅವಳ ಹಲ್ಲುಜ್ಜಿದಳು.
ರಾತ್ರಿ ಎದ್ದು, ಟಾರ್ಚಿಗೆ ಕೈ ಅಡ್ಡ ಹಿಡಿದು, ದಿಂಬು ನೋಡುತ್ತಿದ್ದೆ.

ಒಂದಿರುಳು ದಿಂಬು ಕೆಂಪಾಗಿತ್ತು.
ಅವಳ ಮೂಗು ಅದುಮಿ ಕೂತೆ, ಇಪ್ಪತ್ತೈದು ನಿಮಿಷ.
ಮೂಗು ಕಟ್ಟಿದ ದನಿಯಲ್ಲಿ ಕೇಳಿದಳು:
ಅಪ್ಪ, ನನ್ನೊಳಗಿನ ನಾಯಿಗೆ ಹೆಸರೇನು?
ಗೊತ್ತಿಲ್ಲ, ಅಂದೆ. ಗೊತ್ತಿತ್ತು.

ಲಾಯದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ
ಅವಳೇ ಬರೆಯುತ್ತಿದ್ದಳು ವಾರದ ಲೆಕ್ಕ.
ಎಂಟು. ಹನ್ನೊಂದು. ಏಳು.
ಏಳನ್ನು ಬಹಳ ಸಣ್ಣಗೆ ಬರೆದಳು,
ಕುದುರೆಗೆ ಕಾಣದಿರಲಿ ಎಂಬಂತೆ.
ಹತ್ತೊಂಬತ್ತು. ಮೂವತ್ತನಾಲ್ಕು.
ಹಿಮ ಕರಗಿ ಹೊಳೆ ಕೆಸರು ಹೊತ್ತು ಇಳಿಯಿತು,
ಬೆನ್ನ ನೀಲಿ ಹಸಿರಾಯಿತು, ಆಮೇಲೆ ಹಳದಿ.
ಟೀಚರು ಒಂದು ಚೀಲ ಒಣ ಜರ್ದಾಳು ಹಣ್ಣು ತಂದರು. ಕೂರಲಿಲ್ಲ.
ಈ ಸಲ ಕೈಗಳನ್ನು ಮೇಜಿನ ಮೇಲೇ ಬಿಟ್ಟಿದ್ದೆ.

ಮೇ ಕೊನೆಗೆ, ಅಂಗಳದಲ್ಲಿ ಓಡಿ ಬಿದ್ದಳು.
ಸುತ್ತಿಗೆ ಎಸೆದು ಓಡಿದೆ;
ತೋರು ಬೆಚ್ಚಿ ಕಾಲು ಕಿತ್ತುಕೊಂಡಿತು.
ಮಂಡಿ ತರಚಿ ನೆತ್ತರು. ಗಡಿಯಾರ ನೋಡಿದೆ.
ಒಂದು ನಿಮಿಷ. ಎರಡು.
ನಾಲ್ಕಕ್ಕೆ ನಿಂತಿತು.

ಮೂರನೆಯ ದಿನಕ್ಕೆ ಅಲ್ಲೊಂದು ಕಪ್ಪು ಹಕ್ಕಳೆ, ಒರಟು, ಕೊಳಕು.
ಕೀಳಬೇಡವೇ, ಎಂದು ಗದರಿದೆ.
ಎಷ್ಟೋ ವಾರಗಳ ಮೇಲೆ ಗದರಿದ್ದು.
ನನ್ನ ಮುಖ ನೋಡುತ್ತಲೇ
ಒಂದು ಅಂಚು ಕಿತ್ತಳು.