ಬಂಕರಿನಲ್ಲಿ ಸಕ್ಕರೆ

ಡೆನ್ಮಾರ್ಕಿನ ಪಡುಗಡಲ ದಂಡೆ, ಭಾನುವಾರ.
ಐಸ್‌ಕ್ರೀಮ್ ಒಳಗೆ ಬೇಡ, ತಲೆ ಜೋಪಾನ
ಎಂದಳು ಟಿಕೆಟ್ ಹರಿಯುವ ಹುಡುಗಿ.
ಬಾಗಿಲು ಗಿಡ್ಡ. ಗುದ್ರುನ್ ಅಜ್ಜಿಯ ಗಾಲಿಕುರ್ಚಿ
ಮರಳಲ್ಲಿ ಹೂತು ಹೊರಗೇ ಉಳಿಯಿತು,
ಮರಿಮಗಳ ಐಸ್‌ಕ್ರೀಮು ಕೈಯಲ್ಲಿ.

ಅಜ್ಜಿಯ ಅಪ್ಪ ಇಲ್ಲಿ ಕೂಲಿಗೆ ಬಂದವನು,
ಜರ್ಮನರಿಗೆ ಕಾಂಕ್ರೀಟು ಕಲಸಿದವನು.
ಆ ದುಡ್ಡಲ್ಲಿ ಮನೆಗೆ ಹೆಂಚು ಬಂತು.
ಅದನ್ನು ಯಾರೂ ಹೇಳುವುದಿಲ್ಲ.
ಹೇಳುವುದು ಇಷ್ಟೇ: ಗೋಡೆ ಗಟ್ಟಿಯಾಗಬಾರದೆಂದು
ಸಿಮೆಂಟಿಗೆ ಕದ್ದು ಸಕ್ಕರೆ ಬೆರೆಸುತ್ತಿದ್ದ.
ಕ್ರಿಸ್‌ಮಸ್ಸಿನಿಂದ ಕ್ರಿಸ್‌ಮಸ್ಸಿಗೆ
ಸಕ್ಕರೆ ಒಂದೊಂದು ಹಿಡಿ ಹೆಚ್ಚಿತು.

ಒಳಗೆ ತಣ್ಣಗೆ, ಒದ್ದೆ ಉಣ್ಣೆಯ ವಾಸನೆ.
ಕಿಂಡಿಯಲ್ಲಿ ಒಂದು ಗೇಣು ಸಮುದ್ರ.
ಗೋಡೆ ಒಂದು ಮಾರು ದಪ್ಪ.
ಟೋರ್ಬೆನ್ ಟಾರ್ಚು ಹಿಡಿದು ಮೂಲೆ ಮೂಲೆ ತಡಕಿದ:
ಅಚ್ಚಿನ ಹಲಗೆಯ ಗೆರೆ ಕೂಡ ಅಳಿಸಿಲ್ಲ.
ಯಾರೂ ನೋಡದಾಗ ಸಿಗ್ನೆ
ಗೋಡೆ ನೆಕ್ಕಿದಳು.
"ಉಪ್ಪು."

ಹೊರಗೆ ಗಾಳಿ. ಕರಗಿದ ಐಸ್‌ಕ್ರೀಮು
ಅಜ್ಜಿಯ ಮಣಿಕಟ್ಟು ದಾಟಿತ್ತು.
"ಬಿರುಕು ಬಿಟ್ಟಿದೆಯೇನೋ?"
ಟೋರ್ಬೆನ್ ಬಗ್ಗಿ, ಗಾಲಿಯ ಮರಳು ಕೊಡವುತ್ತ,
"ಬಿಟ್ಟಿದೆ ಅಜ್ಜಿ, ಬೆರಳು ತೂರುವಷ್ಟು."

ಸಿಗ್ನೆ ಅಪ್ಪನ ಮುಖ ನೋಡಿದಳು.
ಆಮೇಲೆ ಕಿರುಬೆರಳೆತ್ತಿ ತೋರಿಸಿದಳು:
"ಇದು ಪೂರ್ತಿ ಹೋಯಿತು."