ಒರಳೊಂದನ್ನು ಬಿಟ್ಟು

ವಕೀಲ ಷಡಾಕ್ಷರಯ್ಯನವರು ಕೇಳಿದರು:
ಮೂಲಪತ್ರ ಎಲ್ಲಿ? ಜೆರಾಕ್ಸಲ್ಲ, ಮೂಲ.
ಖಾತೆ ಯಾರ ಹೆಸರಿಗಿದೆ? ಕಂದಾಯ ಎಲ್ಲಿವರೆಗೆ ಕಟ್ಟಿದೆ?
ಅಡವಿಟ್ಟಿದ್ದುಂಟೆ, ಸೊಸೈಟಿಗೋ ಸಾಹುಕಾರನಿಗೋ?
ಋಣಭಾರ ಪತ್ರ ಮೂವತ್ತು ವರ್ಷದ್ದು ತೆಗೆಸಮ್ಮ,
ಹದಿಮೂರು ಸಾಲದು.

ನನಗೆ ಬೇರೆ ಪ್ರಶ್ನೆಗಳಿದ್ದವು.
ನಲ್ಲಿ ಎಷ್ಟು ಗಂಟೆಗೆ ಬರುತ್ತದೆ,
ಹಿತ್ತಿಲ ಬಾಗಿಲಿಗೆ ಯಾಕೆ ಮೊಳೆ ಹೊಡೆದಿದ್ದಾರೆ,
ತುಂಗೆ ಏರಿದ ವರ್ಷ ನೀರು
ಎಷ್ಟನೇ ಮೆಟ್ಟಿಲಿಗೆ ಬಂದು ನಿಂತಿತ್ತು.
ಇವಕ್ಕೆ ಯಾವ ಕಚೇರಿಯೂ
ಮೊಹರು ಒತ್ತಿ ಉತ್ತರ ಕೊಡುವುದಿಲ್ಲ.

ಸೀಗೆಹಟ್ಟಿಯ ಮನೆ. ಇಪ್ಪತ್ತಕ್ಕೆ ಮೂವತ್ತೆರಡು ಅಡಿ.
ಹತ್ತೊಂಬತ್ತು ವರ್ಷ ಶಾಲೆಮಕ್ಕಳ ಯೂನಿಫಾರ್ಮಿಗೆ
ಕಾಜ ಹೊಲಿದು, ಗುಂಡಿ ಕಚ್ಚಿ ಕೂಡಿಟ್ಟದ್ದು,
ಮಿಕ್ಕದ್ದು ಬ್ಯಾಂಕಿನದು.

ಋಣಭಾರ ಪತ್ರ ಬಂತು.
ಇಡೀ ಹಾಳೆಯಲ್ಲಿ ನಾನು ಓದಿದ್ದು ಒಂದೇ ಸಾಲು:
ಯಾವುದೇ ಋಣ ಕಂಡುಬಂದಿರುವುದಿಲ್ಲ.
ಹಿಗ್ಗಿ ಎದ್ದೆ.
ಕೂತ್ಕೊಳಮ್ಮ, ಅಂದರು ವಕೀಲರು.
ಅವರ ಬೆರಳು ವಂಶವೃಕ್ಷದ ಕೊನೇ ಕೊಂಬೆಯ ಮೇಲಿತ್ತು.
ಹಾಲೇಶಪ್ಪ, ಈ ನೀಲಾವತಿ ಯಾರು?
ತಂಗಿ ಸಾರ್. ಭದ್ರಾವತಿಗೆ ಕೊಟ್ಟಿದೀವಿ.
ಕೊಟ್ಟಿರೋದು ತಂಗೀನ. ಅವಳ ಪಾಲು?
ಹಾಲೇಶಪ್ಪ ಫ್ಯಾನು ನೋಡಿದ.

ಕಾಗದನಗರದ ಹಳೇ ಕ್ವಾರ್ಟರ್ಸು.
ಕಾಗದ ಮಾಡುವುದು ನಿಂತು ಎಷ್ಟೋ ವರ್ಷವಾದ ಊರಿಗೆ
ಒಂದು ಕಾಗದ ಹಿಡಿದು ಹೋದೆವು.
ನೀಲಾವತಿ ಎರಡು ಸಲ ಓದಿಸಿ ಕೇಳಿಕೊಂಡಳು.
ಅರಿಶಿನ ಕುಂಕುಮಕ್ಕೆಂದು, ಸ್ವಸಂತೋಷದಿಂದ,
ಯಾರ ಒತ್ತಾಯವೂ ಇಲ್ಲದೆ
ಎಂಬಲ್ಲಿ ಸ್ವಲ್ಪ ನಕ್ಕಳು.
ಪೆನ್ನಿನ ಮುಚ್ಚಳ ತೆಗೆದವಳು ನನ್ನ ಕಡೆ ತಿರುಗಿ
ಅಡಿಗೆಮನೆ ಮೂಲೇಲಿ ಒರಳು ಇದೆಯಾ ಇನ್ನೂ? ಅಂದಳು.
ಇದೆ. ನೆಲಕ್ಕೆ ಹೂತಿದೆ.
ಅದು ನಮ್ಮವ್ವ ತವರಿಂದ ತಂದಿದ್ದು.
ಮನೆ ಯಾರದಾದರೂ ಆಗಲಿ.

ಪತ್ರ ಬರೆಯುವ ತೀರ್ಥಲಿಂಗಪ್ಪ
ಕನ್ನಡಕ ಮೇಲೆತ್ತಿ, ಕೋಂ ಯಾರಮ್ಮ? ಎಂದ.
ಯಾರೂ ಇಲ್ಲ, ಅಪ್ಪನ ಹೆಸರು ಹಾಕಿ ಎಂದೆ.
ಚಕ್ಕುಬಂದಿ ಓದಿದ:
ಪೂರ್ವಕ್ಕೆ ಓಣಿ, ಪಶ್ಚಿಮಕ್ಕೆ ಬುಡೇನ್ ಸಾಬರ ಗೋಡೆ,
ಉತ್ತರಕ್ಕೆ ಚರಂಡಿ, ದಕ್ಷಿಣಕ್ಕೆ ಖಾಲಿ ನಿವೇಶನ.
ಇವುಗಳ ಮಧ್ಯೆ ನಾನು, ಆಚಂದ್ರಾರ್ಕ.
ನಿಧಿ ನಿಕ್ಷೇಪ ಜಲ ಪಾಷಾಣ...
ಪಾಷಾಣದಲ್ಲಿ ತಡೆದೆ.
ಕಲ್ಲು ಅಂದರೆ ಒರಳೂ ಬಂತಾ?
ಬಂತು. ನೆಲಕ್ಕೆ ಕಚ್ಚಿದ್ದೆಲ್ಲ ನಿಮ್ಮದೇ.
ಹಾಗಾದರೆ ಬರೀರಿ, ಒರಳೊಂದನ್ನು ಬಿಟ್ಟು.
ಮೂವತ್ತೊಂದು ವರ್ಷದಲ್ಲಿ ಇಂಥದ್ದು ಬರೆದಿಲ್ಲ ಅಂದ.
ಬರೆದ.

ಸಬ್‌ರಿಜಿಸ್ಟ್ರಾರ್ ಕಚೇರಿಯ ಯಂತ್ರ
ನನ್ನ ಹೆಬ್ಬೆರಳನ್ನು ಎರಡು ಸಲ ಒಪ್ಪಲಿಲ್ಲ.
ಸೂಜಿ ಚುಚ್ಚಿ ಚುಚ್ಚಿ ಗೆರೆ ಮಾಸಿತ್ತು.
ಮೂರನೇ ಸಲಕ್ಕೆ ಮನೆ ನನ್ನದಾಯಿತು.

ಒಂದು ಪ್ರಶ್ನೆ ಮಾತ್ರ ನಾನು ಕೇಳಲಿಲ್ಲ.
ವಕೀಲರೂ ಕೇಳಲಿಲ್ಲ, ಅದು ಅವರ ಪಟ್ಟಿಯಲ್ಲಿರಲಿಲ್ಲ.
ನಾನು ಕೊಟ್ಟ ಡಿಡಿಯಲ್ಲಿ ನೀಲಾವತಿಗೆ ಎಷ್ಟು?
ಹಾಲೇಶಪ್ಪ ಮಡಚಿ ಜೇಬಿಗಿಟ್ಟುಕೊಂಡು
ಗುಂಡಿ ಹಾಕಿಕೊಂಡ.
ಆ ಗುಂಡಿಯನ್ನೇ ನೋಡುತ್ತಿದ್ದೆ. ದಾರ ಸಡಿಲವಾಗಿತ್ತು.
ಕೇಳಿದ್ದರೆ ನೋಂದಣಿ ಅಲ್ಲೇ ನಿಲ್ಲುತ್ತಿತ್ತೋ ಏನೋ.
ನನಗೆ ಮನೆ ಬೇಕಿತ್ತು.

ಒರಳು ಒಯ್ಯಲು ಅವಳು ಬರಲಿಲ್ಲ.
ಕ್ವಾರ್ಟರ್ಸಲ್ಲಿ ಎಲ್ಲಿ ಅಂತ ಹೂಳಲಿ, ಅಲ್ಲೇ ಇರಲಿ ಅಂದಳು.
ದೋಸೆಗೆ ನೆನೆಹಾಕಿದ ದಿನ ಫೋನು ಮಾಡುತ್ತೇನೆ.
ರುಬ್ಬಿಕೊಳ್ಳಲಾ?
ಆ ಕಡೆ ಕುಕ್ಕರ್ ಕೂಗುತ್ತದೆ, ಯಾರೋ ಕೆಮ್ಮುತ್ತಾರೆ.
ಅಕ್ಕಿ ಎಷ್ಟು ಹೊತ್ತು ನೆಂದಿದೆ? ಎಂದು ಕೇಳುತ್ತಾಳೆ.
ಪ್ರತಿಸಲವೂ ಕೇಳುತ್ತಾಳೆ.